ಮೊದಲ ಪ್ರೀತಿಗೊಂದು ಸೆಕೆಂಡ್ ಹ್ಯಾಂಡ್ ಸೈಕಲ್

"ಸಾರಿ... ಈ ಸೈಕಲ್ ನಿಮಗೆ ಕೊಡೋಕಾಗಲ್ಲ."

ಜಗದೇವಿಗೆ ಪಿತ್ತ ನೆತ್ತಿಗೇರಿತು.

ಏರದೆ ಇರುತ್ತದೆಯೇ? ಪೋರೂರಿನಿಂದ ವಡಪಳನಿವರೆಗೆ, ಮೆಟ್ರೋ ಕೆಲಸಕ್ಕೆ ಅಗೆದು ಹಾಕಿದ ಆರ್ಕಾಟ್ ರಸ್ತೆಯ ಧೂಳು ಕುಡಿಯುತ್ತ, ತನ್ನ ಭಾರದ ಹೈಬ್ರಿಡ್ ಸೈಕಲ್ ತುಳಿದುಕೊಂಡು ಬಂದಿದ್ದಾಳೆ. ಫೋನಿನಲ್ಲಿ "ಬನ್ನಿ ಬನ್ನಿ" ಎಂದು ಕರೆದ ಮನುಷ್ಯ ಈಗ ಅವಳನ್ನು ಅಡಿಯಿಂದ ಮುಡಿವರೆಗೆ ಒಮ್ಮೆ ನೋಡಿ, ಕೊಡೋಕಾಗಲ್ಲ ಎನ್ನುತ್ತಾನೆ!

"ಯಾಕ್ರೀ? ಹೆಣ್ಮಕ್ಕಳಿಗೆ ಮಾರಂಗಿಲ್ಲ ಅಂತ ಬೋರ್ಡ್ ಹಾಕೀರೇನು?"

"ಅಯ್ಯೋ, ಅದಲ್ಲ... ಫ್ರೇಮ್ ನಿಮಗೆ ಕೊಂಜ ದೊಡ್ಡದು. ಹ್ಯಾಂಡಲ್ ದೂರ ಆಗುತ್ತೆ. ಅಪ್ಪರಂ... ಆಮೇಲೆ ಕುತ್ತಿಗೆ ನೋವು ಅಂತ ನನ್ನನ್ನೇ ಬೈತೀರಿ."

"ಕುತ್ತಿಗಿ ನೋವು ನನ್ನ ಹೊಟ್ಟಿಪಾಡು ರೀ! ನಾ ಫಿಸಿಯೋಥೆರಪಿಸ್ಟ್. ದಿನಾ ಎಷ್ಟು ಮಂದಿ ಕುತ್ತಿಗಿ ತಿರುವತೀನಿ ಗೊತ್ತೇನು? ಬೇಕಂದ್ರ ಇವತ್ತಿಂದು ನಿಮ್ಮಿಂದ ಚಾಲೂ ಮಾಡ್ತೀನಿ!"

ಅವನು ಒಂದು ಕ್ಷಣ ಬೆಪ್ಪಾಗಿ ನಿಂತ. ಆಮೇಲೆ ನಕ್ಕ. ಸುಮ್ಮನೆ ಹಲ್ಲು ಕಿರಿಯುವ ನಗುವಲ್ಲ, ಎರಡೂ ಕೈಗಳಿಂದ ಕುತ್ತಿಗೆ ಮುಚ್ಚಿಕೊಂಡು, ಬಗ್ಗಿ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕ.

ಜಗದೇವಿಯ ಸಿಟ್ಟು ಎಲ್ಲಿ ಹೋಯಿತೋ ಏನೋ! ಹುಡುಕಿದರೂ ಸಿಗಲಿಲ್ಲ.

'ಎಷ್ಟು ಚೆಂದ ನಗ್ತಾನ ಈ ಮನುಷ್ಯ...' ಎಂದುಕೊಂಡಳು. ಮರುಕ್ಷಣವೇ ತನ್ನನ್ನೇ ಬೈದುಕೊಂಡಳು. ಬಂದದ್ದು ಸೈಕಲ್ ನೋಡಲು, ನಗು ನೋಡಲು ಅಲ್ಲ.

ಅವನ ಹೆಸರು ಶಿವಶರಣ. ತಾತನ ಕಾಲಕ್ಕೇ ಕರ್ನಾಟಕ ಬಿಟ್ಟು ಬಂದು ವಡಪಳನಿಯಲ್ಲಿ ಬೇರೂರಿದ ಮನೆತನ. ಕನ್ನಡದ ನಡುವೆ ತಮಿಳು ಇಣುಕದೆ ಅವನಿಗೆ ಒಂದು ವಾಕ್ಯವೂ ಮುಗಿಯುವುದಿಲ್ಲ.

ಇವಳು ಕೊಟ್ಟೂರಿನ ಕಡೆಯವಳು. ಅಪ್ಪ ಕೊಟ್ರಪ್ಪ ಬಳ್ಳಾರಿಯಿಂದ ಜೀನ್ಸ್ ತರಿಸಿ ನುಂಗಂಬಾಕ್ಕಂನ ಅಂಗಡಿಯಲ್ಲಿ ಮಾರುತ್ತಾರೆ. ಅವ್ವ ಶಿವಲಿಂಗಮ್ಮ ಪೋರೂರಿನ ಮನೆಯಲ್ಲಿ ಕೂತು, ಚೆನ್ನೈಗೆ ಬಂದು ಇಷ್ಟು ವರ್ಷವಾದರೂ, ಒಂದು ತಮಿಳು ಅಕ್ಷರ ಕಲಿಯದೆ ಇಡೀ ಬೀದಿಯನ್ನು ಆಳುತ್ತಾರೆ.

ಮಗಳ ಬಗ್ಗೆ ಅವರದು ಒಂದೇ ದೂರು. "ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟೈತಿ ನೋಡ್ರಿ ಇದು!"

ಸುಳ್ಳಲ್ಲ. ಜಗದೇವಿಗೆ ಕೂತಲ್ಲಿ ಕೂರಲು ಬಾರದು. ಉಣ್ಣುವಾಗಲೂ ಒಂದು ಕಾಲು ಅಲ್ಲಾಡುತ್ತಲೇ ಇರುತ್ತದೆ. ಆಸ್ಪತ್ರೆಯಲ್ಲಿ ದಿನವಿಡೀ ಬೇರೆಯವರಿಗೆ ನಡೆಯಲು ಕಲಿಸಿ ಬಂದರೂ ಇವಳ ಕಾಲಿಗೆ ದಣಿವಿಲ್ಲ. ಒಳಗೆ ಏನೋ ಒಂದು ಸದಾ ಎಳೆಯುತ್ತದೆ. ಎಲ್ಲಿಗೆ? ಅದು ಅವಳಿಗೂ ಗೊತ್ತಿಲ್ಲ.

ಆ ಚಡಪಡಿಕೆಗೆ ಸಿಕ್ಕ ದಾರಿ ಭಾನುವಾರದ ಸೈಕಲ್. 'ಪೆಡಲ್ ಕನ್ನಡಿಗರು' ಎಂಬುದು ಚೆನ್ನೈ ಕನ್ನಡಿಗರ ಒಂದು ಗುಂಪು. ಮುಂಜಾನೆ ತಿರುವಾನ್ಮಿಯೂರಿನಲ್ಲಿ ಸೇರಿ ಸಮುದ್ರದ ದಾರಿ ಹಿಡಿದು ಕೋವಳಂವರೆಗೆ ಹೋಗಿ ಬರುತ್ತಾರೆ.

ಇವಳ ಹೈಬ್ರಿಡ್ ಒಳ್ಳೆಯದೇ. ನೆಟ್ಟಗೆ ಕೂತು ಊರೊಳಗೆ ಓಡಾಡಲು ಎತ್ತಿದ ಕೈ. ಆದರೆ ಅಗಲ ಟೈರು, ಎಮ್ಮೆಯ ಭಾರ. ಎದುರು ಗಾಳಿ ಬೀಸಿದರೆ ಎದೆ ಕೊಟ್ಟು ನಿಂತುಬಿಡುತ್ತದೆ. ಎಲ್ಲರೂ ಕೋವಳಂ ಮುಟ್ಟಿ, ಟೀ ಕುಡಿದು, ಎದ್ದು ಪ್ಯಾಂಟು ಕೊಡವಿಕೊಳ್ಳುವ ಹೊತ್ತಿಗೆ ಇವಳು ಏದುಸಿರು ಬಿಡುತ್ತ ಬರುತ್ತಿದ್ದಳು. ಪ್ರತಿ ಭಾನುವಾರ!

ಅದಕ್ಕೇ ರೋಡ್ ಬೈಕ್ ಬೇಕು. ಹಗುರ, ಸಣ್ಣ ಟೈರು, ಬಗ್ಗಿದ ಹ್ಯಾಂಡಲು. ಹೊಸದರ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಕೈಯಲ್ಲಿ ಇದ್ದದ್ದು ಹೈಬ್ರಿಡ್ಡನ್ನು ಆಸ್ಪತ್ರೆಯ ನರ್ಸ್ ಬೃಂದಾಗೆ ಮಾರಿದರೆ ಬರುವ ದುಡ್ಡು, ಜೊತೆಗೆ ಶ್ರಾವಣದ ಸೀರೆಗೆಂದು ಅವ್ವ ಕೊಟ್ಟದ್ದು. ಸೆಕೆಂಡ್ ಹ್ಯಾಂಡ್ ಅಲ್ಲದೆ ಬೇರೆ ದಾರಿ ಇರಲಿಲ್ಲ.

ಅಂದ ಹಾಗೆ, ಶಿವಶರಣನೂ ಅದೇ ಗುಂಪಿನವನು. ಆದರೆ ಅವನು ಸಾಲಿನ ಮುಂದಿನ ತುದಿಯಲ್ಲಿ, ಇವಳು ಹಿಂದಿನ ತುದಿಯಲ್ಲಿ. ಮುಖಾಮುಖಿ ಆದದ್ದು ಇದೇ ಮೊದಲು.

"ಸೆರಿ, ಒಂದ್ ಕೆಲಸ ಮಾಡೋಣ," ಎಂದ ಅವನು ಕಣ್ಣೊರೆಸಿಕೊಂಡು. "ಹ್ಯಾಂಡಲ್ ಹಿಡ್ಕೊಂಡಿರೋ ಈ ತುಂಡನ್ನ ಬದಲಾಯಿಸ್ತೀನಿ. ಚಿಕ್ಕದು ನನ್ನ ಹತ್ರಾನೇ ಇದೆ. ಹ್ಯಾಂಡಲ್ ಹತ್ತಿರ ಬರುತ್ತೆ. ಅದಕ್ಕೆ ಎಕ್ಸ್‌ಟ್ರಾ ಏನೂ ಬೇಡ."

"ಯಾಕ್ ಬ್ಯಾಡ?"

"ನನ್ನ ಕುತ್ತಿಗೆ ಉಳಿಸಿಕೊಂಡ್ನಲ್ಲ, ಅದಕ್ಕೆ."

ಆ ಗುಂಪಿನಲ್ಲಿ ಒಂದು ಪದ್ಧತಿ ಇದೆ. ಹಳೇ ಸೈಕಲ್ಲಿನ ಕೊಡುಕೊಳ್ಳುವಿಕೆಗೆ ಬಿಲ್ಲಿಲ್ಲ, ಗ್ಯಾರಂಟಿಯಿಲ್ಲ, ಬರೀ ಬಾಯಿಮಾತು. ಅದಕ್ಕೆ ಬದಲಾಗಿ, ಮಾರಿದವನು ಕೊಂಡವರ ಪಕ್ಕದಲ್ಲೇ ಸೈಕಲ್ ಓಡಿಸಬೇಕು. ಸೀಟು ಎತ್ತರವೋ, ಗೇರು ಕಚ್ಚುತ್ತದೋ ನೋಡಿ ಸರಿಮಾಡಿಕೊಡಬೇಕು. ಅವರ ಕೈ ಕೂರುವವರೆಗೆ ಬಿಟ್ಟು ಹೋಗುವ ಹಾಗಿಲ್ಲ.

ಹೀಗೆ, ಸಾಲಿನ ಮುಂದೆ ಹಾರುತ್ತಿದ್ದ ಹಕ್ಕಿ ಹಿಂದೆ ಬಂದು ಜಗದೇವಿಯ ಪಕ್ಕದಲ್ಲಿ ಕೂತಿತು.

* * *

ಆ ಭಾನುವಾರಗಳನ್ನು ಏನೆಂದು ಹೇಳಲಿ!

ಮೊದಲ ದಿನ ಅವಳಿಗೆ ಬಗ್ಗಿ ಕೂರುವುದೇ ಭಯ. "ನೆಲ ಮುಖಕ್ಕ ಬಂದಂಗ ಆಗತೈತಿ ರೀ!" ಎಂದು ಕೂಗಿದಳು.

"ನೆಲ ನೋಡ್ಬೇಡಿ, ದೂರ ನೋಡಿ. ಮೊಣಕೈ ಸಡಿಲ ಬಿಡಿ. ಹಾಂ... ಈಗ ತುಳೀರಿ!"

ತುಳಿದಳು. ಸೈಕಲ್ ಹಾರಿತು. ಅಯ್ಯೋ, ನಿಜಕ್ಕೂ ಹಾರಿತು! ಎಡಕ್ಕೆ ಸಮುದ್ರ, ಕಿವಿಯಲ್ಲಿ ಗಾಳಿ, ತನ್ನ ಕಾಲುಗಳಲ್ಲಿ ಇಷ್ಟೊಂದು ವೇಗ ಇತ್ತೆಂಬುದು ಅವಳಿಗೆ ಗೊತ್ತೇ ಇರಲಿಲ್ಲ. ಆವತ್ತು ಕೋವಳಂನಲ್ಲಿ ಎಲ್ಲರ ಜೊತೆ ಕೂತು ಬಿಸಿ ಟೀ ಕುಡಿದಳು. ಗುಂಪಿನ ಅಡ್ಮಿನ್ ಪೂರ್ಣಿಮಾ ಚಪ್ಪಾಳೆಯನ್ನೇ ತಟ್ಟಿಬಿಟ್ಟಳು.

"ನೀವು ಏನ್ ಕೆಲಸ ಮಾಡ್ತೀರಿ?" ಎಂದು ಕೇಳಿದಳು ಜಗದೇವಿ.

"ಸಿನಿಮಾದಲ್ಲಿ ಹೀರೋಯಿನ್ ನಡೆದ್ರೆ ಟಕ್ ಟಕ್ ಅಂತ ಸದ್ದು ಬರುತ್ತಲ್ಲ? ಅದು ನಾನು."

"ಅಯ್ಯ! ಹೀರೋಯಿನ್ ನೀವಾ?"

"ಕಾಲು ಮಾತ್ರ," ಎಂದ ಗಂಭೀರವಾಗಿ. ವಡಪಳನಿಯ ಒಂದು ಸ್ಟುಡಿಯೋದಲ್ಲಿ, ತೆರೆಯ ಮೇಲಿನ ಚಿತ್ರ ನೋಡುತ್ತ ಹೆಜ್ಜೆಗೆ ಹೆಜ್ಜೆ, ಬಾಗಿಲಿಗೆ ಬಾಗಿಲು, ಸೀರೆಯ ಸರಬರಕ್ಕೆ ಸರಬರ ಸದ್ದು ಕೂಡಿಸುವುದು ಅವನ ಕಸುಬು.

ಜಗದೇವಿ ಮನೆಗೆ ಬಂದು ಅವನ ಮಾತನ್ನು ನೆನೆದು ಒಬ್ಬಳೇ ನಕ್ಕಳು. ಅನ್ನಕ್ಕೆ ಸಾರಿನ ಬದಲು ಮಜ್ಜಿಗೆ ಸುರಿದುಕೊಂಡಳು. ಸೋಮವಾರದಿಂದ ಶನಿವಾರದವರೆಗಿನ ದಿನಗಳು ಇಷ್ಟು ಉದ್ದ ಯಾಕಿವೆ ಎಂದು ಕ್ಯಾಲೆಂಡರಿನ ಮೇಲೆ ಸಿಟ್ಟಾದಳು.

'ಕೈ ಕೂತಾಯ್ತು ಅಂತ ಅವನಿಗೆ ಗೊತ್ತಾಗಬಾರದು,' ಎಂದುಕೊಂಡು ಬೇಕಂತಲೇ ಗೇರು ತಪ್ಪು ಹಾಕುತ್ತಿದ್ದಳು. ಅವನಿಗೂ ಅದು ಗೊತ್ತಾಗುತ್ತಿತ್ತು. ಗೊತ್ತಾಗದ ಹಾಗೆ ತಿದ್ದುತ್ತಿದ್ದ. ಇಬ್ಬರೂ ಕಳ್ಳರೇ!

ಆಯುಧ ಪೂಜೆಯ ಹಿಂದಿನ ಭಾನುವಾರ ಅವನು ಅವಳ ಸೈಕಲ್ಲಿನ ಬ್ರೇಕಿಗೆ ಹೊಸ ರಬ್ಬರ್ ತುಂಡು ಹಾಕಿ, ಕೇಬಲ್ ಬಿಗಿದು ಕೊಟ್ಟ. ಅದು ಹಳೇ ಮಾದರಿ. ಎರಡು ರಬ್ಬರ್ ತುಂಡುಗಳು ಚಕ್ರದ ಅಂಚನ್ನು ಆಚೆ ಈಚೆ ಹಿಡಿದು ನಿಲ್ಲಿಸುವ ಬ್ರೇಕು.

"ಈಗ ಬೆರಳು ಇಟ್ರೆ ಸಾಕು, ನಿಂತ್ಬಿಡುತ್ತೆ. ಧೈರ್ಯವಾಗಿ ಓಡಿಸಿ."

"ನೀವು ಮಾಡಿದ ಮ್ಯಾಲ ಧೈರ್ಯ ಇರದ ಏನು," ಎಂದಳು. ಅಂದ ಮೇಲೆ ಕೆನ್ನೆ ಬಿಸಿಯಾಯಿತು.

* * *

ಆಯುಧ ಪೂಜೆಯ ದಿನವೂ ಅವಳಿಗೆ ಆಸ್ಪತ್ರೆಯ ಡ್ಯೂಟಿ. ಸಂಜೆ ಮನೆಗೆ ಬಂದರೆ ಅವ್ವ ಬಾಗಿಲಲ್ಲೇ ಹಿಡಿದು ನಿಲ್ಲಿಸಿದರು.

"ನೋಡಿಲ್ಲೆ, ನಿನ್ನ ಗಾಡಿ ಹೆಂಗ ಹೊಳೀತೈತಿ!"

ಹೊಲಿಗೆ ಮಷೀನು, ಈಳಿಗೆಮಣೆ, ಮಿಕ್ಸಿ, ಅಪ್ಪನ ಅಂಗಡಿಯ ಕತ್ತರಿಗಳ ಸಾಲಿನ ಕೊನೆಗೆ ಅವಳ ರೋಡ್ ಬೈಕ್. ಮೂರು ಬೆರಳಿನ ವಿಭೂತಿ, ಕುಂಕುಮ, ಹ್ಯಾಂಡಲಿಗೆ ಚೆಂಡು ಹೂವಿನ ಸರ. ಅಡಿಯಿಂದ ಮುಡಿವರೆಗೆ ಮಿರಮಿರ ಮಿಂಚುತ್ತಿತ್ತು.

"ಅವ್ವಾ, ಎಷ್ಟು ಚೆಂದ ಮಾಡಿಯಲ್ಲ!" ಎಂದು ಅವ್ವನನ್ನು ತಬ್ಬಿಕೊಂಡಳು. ಸೈಕಲ್ ಎಂದರೆ ಮೂಗು ಮುರಿಯುತ್ತಿದ್ದ ಅವ್ವ ಮೊದಲ ಸಲ ಅದನ್ನು ಮುಟ್ಟಿದ್ದರು.

ಮರುದಿನ ವಿಜಯದಶಮಿ. ರಜೆ. ನಸುಕಿನಲ್ಲೇ ಹೊರಟಳು. ವಡಪಳನಿ ಸಿಗ್ನಲ್ಲಿನಲ್ಲಿ ಅವನು ಕಾಯುತ್ತಿರುತ್ತಾನೆ, ಅಲ್ಲಿಂದ ಇಬ್ಬರೂ ಕೂಡಿ ಕೋವಳಂಗೆ. ರಸ್ತೆ ಖಾಲಿ. ಬ್ರೇಕ್ ಹಿಡಿಯುವ ಪ್ರಮೇಯವೇ ಇರಲಿಲ್ಲ. ಒಂದು ಕಡೆ ಹಿಡಿದಾಗ ಮೆತ್ತಗೆ ಅನಿಸಿತು. ಮನಸ್ಸು ಆಗಲೇ ವಡಪಳನಿ ಮುಟ್ಟಿದ್ದರಿಂದ ಅದರ ಕಡೆ ಗಮನ ಹೋಗಲಿಲ್ಲ.

ವಳಸರವಾಕ್ಕಂನಲ್ಲಿ, ಒಂದು ಅಂಗಡಿಯ ಮುಂದೆ ರಾತ್ರಿ ಒಡೆದ ಬೂದುಗುಂಬಳ ರಸ್ತೆಯ ತುಂಬ ಚೆಲ್ಲಾಡಿತ್ತು. ಕಂಡ ತಕ್ಷಣ ಎರಡೂ ಬ್ರೇಕ್ ಒತ್ತಿದಳು.

ಸೈಕಲ್ ನಿಲ್ಲಲಿಲ್ಲ!

ಮತ್ತೆ ಒತ್ತಿದಳು. ಬಲವೆಲ್ಲ ಹಾಕಿ ಒತ್ತಿದಳು. ಚಕ್ರ ಜಾರುತ್ತಲೇ ಹೋಯಿತು... ಕುಂಬಳದ ತಿರುಳು, ಕೆಂಪು ಕುಂಕುಮ, ಡಾಂಬರು. ಬಲಗೈ ಊರಿದಾಗ ಒಳಗೆ ಏನೋ ಲಟಕ್ ಎಂದದ್ದು ಅವಳಿಗೆ ಕೇಳಿಸಿತು.

ಆ ನೋವಿನಲ್ಲೂ ಎಡಗೈಯಿಂದ ಅವಳು ಮೊದಲು ಫೋನ್ ಮಾಡಿದ್ದು ಅವನಿಗೆ. ಅಪ್ಪನಿಗಲ್ಲ.

ಅವನು ಬಂದ. ಅವಳನ್ನು ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದು, ಅಪ್ಪ ಬರುವವರೆಗೆ ಇದ್ದು, ಆಮೇಲೆ ಬಿದ್ದಲ್ಲೇ ಇದ್ದ ಸೈಕಲ್ಲನ್ನು ಹೊತ್ತು ಅವರ ಮನೆಗೆ ತಲುಪಿಸಿದ.

ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಅವಳು ಮನೆಗೆ ಬಂದಾಗ, ಅವನು ಬಾಲ್ಕನಿಯಲ್ಲಿ ಸೈಕಲ್ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಚಕ್ರದ ಅಂಚಿನ ಮೇಲೆ ಬೆರಳೆಳೆದು, ಆ ಬೆರಳನ್ನು ಮೂಗಿನ ಹತ್ತಿರ ಹಿಡಿದಿದ್ದ.

ಅಷ್ಟರಲ್ಲಿ ಅವ್ವ ಅಳುತ್ತ ಓಡಿ ಬಂದರು.

"ನಿನ್ನೆ ನಾ ಪೂಜಿ ಮಾಡಿದ್ದಕ್ಕ ಇಷ್ಟಕ್ಕ ಉಳೀತವ್ವಾ! ಇಲ್ಲಂದಿದ್ರ ಏನ್ ಆಗ್ತಿತ್ತೋ! ನನ್ನ ಕೈಯಾರ ಮಾಡಿದ ಪೂಜಿ ನಿನ್ನ ಕಾಯ್ತು ನೋಡು!"

ಕೊಟ್ರಪ್ಪನವರು ಶಿವಶರಣನತ್ತ ತಿರುಗಿದರು. "ಬ್ರೇಕ್ ಹಿಡೀಲಿಲ್ಲಂತಲ್ಲಪಾ? ಯಾಕ?"

ಶಿವಶರಣ ಒಮ್ಮೆ ಶಿವಲಿಂಗಮ್ಮನವರ ಮುಖ ನೋಡಿದ. ಆ ಮುಖದಲ್ಲಿ ಕಣ್ಣೀರು, ಅದರ ಮೇಲೆ ಒಂದು ನೆಮ್ಮದಿ. ಮಗಳನ್ನು ತಾನೇ ಉಳಿಸಿಕೊಂಡೆ ಎಂಬ ನೆಮ್ಮದಿ.

ಅವನು ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ.

"ತಪ್ಪು ನನ್ದು ಅಂಕಲ್. ಕೇಬಲ್ ಸರಿಯಾಗಿ ಬಿಗಿದಿರಲಿಲ್ಲ."

ಜಗದೇವಿಗೆ ಕೈಯ ನೋವಿಗಿಂತ ಆ ಮಾತು ಹೆಚ್ಚು ಚುಚ್ಚಿತು. ಇವನೇ ಅಲ್ಲವೇ ಧೈರ್ಯವಾಗಿ ಓಡಿಸಿ ಅಂದದ್ದು? ಇವನ ಮಾತನ್ನು ನಂಬಿಯೇ ಅಲ್ಲವೇ ತಾನು ಕಣ್ಣು ಮುಚ್ಚಿ ಹಾರಿದ್ದು?

"ಬಿಗಿದಿರಲಿಲ್ಲ?" ಎಂದಳು. "ನನ್ನ ಕೈ ನನ್ನ ಅನ್ನ ರೀ! ಈ ಕೈ ನೆಟ್ಟಗಾಗದಿದ್ರ ನಾ ಏನ್ ಮಾಡ್ಲಿ? ಸುಮ್ನ ಬಾಯಿಮಾತಿಗೆ ಬಿಗಿದೀನಿ ಅಂದ್ರಾ? ಮೋಸಗಾರ!"

ಅವನು ಏನೋ ಹೇಳಲು ಬಾಯಿ ತೆರೆದ. ಮತ್ತೆ ಮುಚ್ಚಿಕೊಂಡ. ಜೇಬಿನಿಂದ ನಾಲ್ಕು ಬನ್ನಿ ಎಲೆ ತೆಗೆದು ಅವಳ ಮುಂದೆ ಹಿಡಿದ. ಬನ್ನಿ ಕೊಡುವ ದಿನ ಹಗೆಯವರೂ ಹಗೆ ಮರೆಯುತ್ತಾರೆ ಎನ್ನುತ್ತಾರೆ.

ಜಗದೇವಿ ಕೈ ಚಾಚಲಿಲ್ಲ. ತಿರುಗಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಬಿಡಲಿಲ್ಲ. ಸಿಟ್ಟಿನ ಕೈಗೆ ಫೋನ್ ಕೊಡಬಾರದು ನೋಡಿ! ಎಡಗೈಯಿಂದಲೇ ಒತ್ತಿ ಒತ್ತಿ ಗುಂಪಿಗೆ ಬರೆದಳು: "ಶಿವಶರಣ ಅವರಿಂದ ಯಾರೂ ಸೈಕಲ್ ಕೊಳ್ಳಬೇಡಿ. ಅವರು ಬಿಗಿದ ಬ್ರೇಕ್ ನಂಬಿ ನನ್ನ ಕೈ ಮುರಿದಿದೆ."

ಬಾಯಿಮಾತಿನ ಮೇಲೆ ನಡೆಯುವ ಗುಂಪು ಅದು. ಅಲ್ಲಿ ಹೆಸರು ಹೋದರೆ ಎಲ್ಲವೂ ಹೋದಂತೆ. ಶಿವಶರಣ ಸ್ವಲ್ಪ ಹೊತ್ತಿಗೆ ತಾನೇ ಗುಂಪು ಬಿಟ್ಟು ಹೋದ.

* * *

ಆಮೇಲಿನ ವಾರಗಳು ಜಗದೇವಿಗೆ ನರಕ.

ಕಾಲಿಗೆ ಚಕ್ರ ಇರುವವಳನ್ನು ಕೂರಿಸಿದರೆ ಹೇಗಿರುತ್ತದೆ? ಅಡುಗೆಮನೆಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಬಾಗಿಲಿಗೆ. ಟಿವಿ ಹಾಕುವಳು, ಆರಿಸುವಳು. ಯಾವುದೋ ಧಾರಾವಾಹಿಯಲ್ಲಿ ಹೆಣ್ಣೊಬ್ಬಳು ಟಕ್ ಟಕ್ ಎಂದು ನಡೆದರೆ ಎದೆ ಧಸಕ್ಕೆನ್ನುವುದು.

'ಅವನಿಗೆ ಬೈದದ್ದು ಸರಿಯೇ ಇದೆ. ತಪ್ಪು ಅವನೇ ಒಪ್ಪಿಕೊಂಡನಲ್ಲ!'

ಸರಿ, ಹಾಗಾದರೆ ನಿದ್ದೆ ಯಾಕೆ ಬರುವುದಿಲ್ಲ?

'ಒಂದು ಫೋನ್ ಆದರೂ ಮಾಡಬಹುದಿತ್ತಲ್ಲ... ಜಗಳ ಆದರೂ ಆಡಬಹುದಿತ್ತಲ್ಲ...'

ಫೋನ್ ಎತ್ತುವಳು, ಅವನ ಹೆಸರು ನೋಡುವಳು, ಕೆಳಗಿಡುವಳು. ಮತ್ತೆ ಎತ್ತುವಳು. ನೋಡಿ ನೋಡಿ ಅವ್ವನಿಗೇ ತಲೆ ಸುತ್ತಿತು. "ಒಂದ್ ಕಡಿ ಕುಂದ್ರಬಾರದೇನವ್ವಾ! ಗಾಣದ ಎತ್ತಿನಂಗ ಸುತ್ತತಿಯಲ್ಲ!"

ಪ್ಲಾಸ್ಟರ್ ಬಿಚ್ಚಿದರು. ಮೂಳೆ ಕೂಡಿತ್ತು, ಹಿಡಿತ ಬಂದಿರಲಿಲ್ಲ. ರೋಗಿಗಳಿಗೆ ತಾನೇ ಹೇಳುವ ವ್ಯಾಯಾಮ ಈಗ ತನಗೇ. ಏನನ್ನಾದರೂ ಹಿಡಿದು ಒತ್ತಬೇಕು, ಬಿಡಬೇಕು, ಒತ್ತಬೇಕು.

ಒಂದು ಬೆಳಿಗ್ಗೆ ಬಾಲ್ಕನಿಯಲ್ಲಿ ಕಣ್ಣಿಗೆ ಬಿದ್ದದ್ದು ಸೈಕಲ್ಲಿನ ಬ್ರೇಕು. ಒತ್ತಲು ಇದಕ್ಕಿಂತ ಒಳ್ಳೆಯದು ಏನಿದೆ? ಹೇಗೂ ಇನ್ನು ಇದನ್ನು ಮಾರಿಬಿಡುವುದೇ, ಮಾರುವ ಮುಂಚೆ ಕೇಬಲ್ ಎಷ್ಟು ಸಡಿಲ ಇದೆ ಎಂದೂ ನೋಡಿದಂತಾಗುತ್ತದೆ.

ಬಲಗೈಯಿಂದ ಒತ್ತಿದಳು.

ಕೇಬಲ್ ಬಿಗಿಯಾಗಿತ್ತು! ವೀಣೆಯ ತಂತಿಯ ಹಾಗೆ ಬಿಗಿಯಾಗಿತ್ತು. ರಬ್ಬರ್ ತುಂಡುಗಳು ಚಕ್ರದ ಅಂಚನ್ನು ಗಪ್ಪನೆ ಹಿಡಿದವು.

ಮತ್ತೆ... ಸಡಿಲ ಇತ್ತು ಅಂದನಲ್ಲ?

ಎಡಗೈಯಿಂದ ಚಕ್ರ ತಿರುಗಿಸಿ, ಮತ್ತೆ ಬ್ರೇಕ್ ಒತ್ತಿದಳು. ಹಿಡಿದ ಹಿಡಿತದೊಳಗೇ ಚಕ್ರ ನುಣ್ಣಗೆ ಜಾರುತ್ತ ತಿರುಗಿತು. ಅಂಚಿನ ಮೇಲೆ ಬೆರಳಿಟ್ಟಳು. ಧೂಳು ಕೂತ ಜಿಡ್ಡು. ಬೆರಳನ್ನು ಮೂಗಿಗೆ ಹಿಡಿದಳು.

ಕೊಬ್ಬರಿ ಎಣ್ಣೆ.

"ಅವ್ವಾ..." ಎಂದು ಕರೆದಳು. "ಪೂಜಿ ದಿನ ಸೈಕಲ್ಲಿಗೆ ಏನ್ ಹಚ್ಚಿದ್ದಿ?"

ಶಿವಲಿಂಗಮ್ಮ ಸೆರಗಿಗೆ ಕೈ ಒರೆಸುತ್ತ ಬಂದರು. ಹೆಮ್ಮೆ ಮುಖದ ತುಂಬ. "ಎಣ್ಣಿ! ನಮ್ಮ ಕೊಟ್ಟೂರಾಗ ಕುಡಗೋಲು, ಕೊಡ್ಲಿ, ಎಲ್ಲಾಕೂ ಎಣ್ಣಿ ಹಚ್ಚೇ ಪೂಜಿಗಿ ಇಡೋದು. ನಿನ್ನ ಗಾಡಿ ಚಕ್ರಕ್ಕಂತೂ ಹೆಚ್ಚಿಗೀನ ಹಚ್ಚಿ ತಿಕ್ಕಿದ್ದೆ. ತಿರುಗೋದು ಅದಾ ಅಲ್ಲೇನು? ಯಾಕ?"

ಜಗದೇವಿ ಬಾಯಿ ತೆರೆದಳು.

ಹೇಳಬೇಕು. ಅವ್ವಾ, ಆ ಎಣ್ಣೆಯಿಂದಲೇ ಬ್ರೇಕ್ ಜಾರಿತು, ಆ ಎಣ್ಣೆಯಿಂದಲೇ ನನ್ನ ಕೈ ಮುರಿಯಿತು. ಎಷ್ಟು ಸುಲಭದ ಮಾತು!

ಬಾಯಿ ಬರಲಿಲ್ಲ.

ಎದುರಿಗೆ ಅವ್ವ ನಿಂತಿದ್ದಾರೆ, ಮಗಳನ್ನು ಉಳಿಸಿದ ಕೈಗಳನ್ನು ಸೆರಗಿನಲ್ಲಿ ಒರೆಸಿಕೊಳ್ಳುತ್ತ. ಆ ಮುಖಕ್ಕೆ ಈ ಮಾತು ಹೇಗೆ ಹೇಳುವುದು? ಯಾರಿಗೆ ತಾನೇ ಆದೀತು?

ಆಗ ಅವಳಿಗೆ ಎಲ್ಲವೂ ಹೊಳೆಯಿತು. ಇದೇ ಬಾಲ್ಕನಿಯಲ್ಲಿ, ಇದೇ ಮುಖದ ಎದುರು ಅವನು ಕೂತಿದ್ದ. ಬಾಯಿ ತೆರೆದಿದ್ದ. ಮುಚ್ಚಿಕೊಂಡಿದ್ದ.

ಜಗದೇವಿ ಗೋಡೆಗೆ ಒರಗಿ ಅಳತೊಡಗಿದಳು.

ಶಿವಲಿಂಗಮ್ಮ ಓದಿದವರಲ್ಲ ನಿಜ, ಆದರೆ ದಡ್ಡರಲ್ಲ. ಮಗಳ ಬೆರಳು ನೋಡಿದರು. ಚಕ್ರ ನೋಡಿದರು. ತಾವೇ ಬಗ್ಗಿ ಆ ರಬ್ಬರ್ ತುಂಡು ಮುಟ್ಟಿದರು. ಎಣ್ಣೆಗೈಯಲ್ಲಿ ಬಿಂದಿಗೆ ಎತ್ತಿ ಜಾರಿಸದ ಹೆಂಗಸು ಯಾರಿದ್ದಾಳೆ?

"ಎಣ್ಣೀಯಿಂದ ಏನವ್ವಾ?" ದನಿ ಸಣ್ಣಗಾಯಿತು. "ನಾನಾ... ನಾನಾ ಬೀಳಿಸಿದ್ನೇನು ನಿನ್ನ?"

"ಇಲ್ಲವ್ವಾ..."

"ಸುಳ್ಳು ಹೇಳಬ್ಯಾಡ."

ಅವರು ಅಲ್ಲೇ ನೆಲದ ಮೇಲೆ ಕೂತರು. ಕೆಳಗೆ ಹಾಲಿನವನು ಗಂಟೆ ಬಾರಿಸಿ ಹೋದ.

"ಆ ಹುಡುಗಗ ಗೊತ್ತಿತ್ತು," ಎಂದರು ಕೊನೆಗೆ. "ಬೆರಳು ಮೂಗಿಗಿ ಹಿಡಿದಿದ್ದ. ನಾ ನೋಡಿದ್ದೆ. ಗೊತ್ತಿದ್ದೂ ನನ್ನ ಸಲುವಾಗಿ ಬೈಸಿಕೊಂಡು ಹೋದ... ನೀ ಅವಗ ಏನಂದಿ?"

"ಮೋಸಗಾರ ಅಂದೆ."

"ಅಯ್ಯ ಶಿವನ!" ಎಂದು ಹಣೆ ಬಡಿದುಕೊಂಡರು. "ಮತ್ತ ಕುಂತಿ ಯಾಕ? ಏಳು! ದಿನವಿಡೀ ಮನಿ ತುಂಬ ಸುತ್ತತಿ, ಹೋಗಬೇಕಾದ ಕಡಿ ಹೋಗಾಕ ಕಾಲಿಲ್ಲೇನು ನಿನಗ?"

* * *

ಮೊದಲು ಗುಂಪಿಗೆ ಬರೆದಳು: "ಶಿವಶರಣ ಅವರ ಕೆಲಸದಲ್ಲಿ ತಪ್ಪಿರಲಿಲ್ಲ. ಚಕ್ರದ ಅಂಚಿಗೆ ಪೂಜೆಯ ಎಣ್ಣೆ ತಾಗಿತ್ತು. ಅವರಿಗೆ ಅದು ಗೊತ್ತಿತ್ತು, ನಮ್ಮ ಮನೆಯವರ ಮನಸ್ಸು ನೋಯಬಾರದೆಂದು ತಪ್ಪು ತಮ್ಮ ಮೇಲೆ ಹಾಕಿಕೊಂಡರು. ನಾನು ವಿಚಾರಿಸದೆ ಅವರ ಹೆಸರು ಕೆಡಿಸಿದೆ. ಎಲ್ಲರ ಎದುರು ಕ್ಷಮೆ ಕೇಳುತ್ತೇನೆ."

ಆಮೇಲೆ ಅವ್ವನ ಜೊತೆ ಆಟೋ ಹತ್ತಿದಳು. ಆಟೋ ಸಿಗ್ನಲ್ಲಿನಲ್ಲಿ ನಿಂತರೆ ಇವಳ ಕಾಲು ನಿಲ್ಲಲಿಲ್ಲ.

ಸ್ಟುಡಿಯೋದ ಬಾಗಿಲ ಮೇಲೆ ಕೆಂಪು ದೀಪ ಉರಿಯುತ್ತಿತ್ತು. ಉರಿಯುವಾಗ ಉಸಿರೂ ಎತ್ತುವ ಹಾಗಿಲ್ಲ. ರೆಕಾರ್ಡಿಂಗ್ ನೋಡಿಕೊಳ್ಳುವ ಕಿಟ್ಟಣ್ಣ ಅವಳನ್ನು ತನ್ನ ಕೋಣೆಗೆ ಬಿಟ್ಟು, ತುಟಿಯ ಮೇಲೆ ಬೆರಳಿಟ್ಟು ಕೂರಿಸಿದ.

ಗಾಜಿನ ಆಚೆ ಶಿವಶರಣ ನಿಂತಿದ್ದ. ಎರಡೂ ಕೈಗಳಿಗೆ ಹಸಿರು ಗಾಜಿನ ಬಳೆ! ತೆರೆಯ ಮೇಲೆ ಒಬ್ಬಳು ಹೆಣ್ಣು ಬಾಗಿಲ ಹತ್ತಿರ ಬಂದು, ಕದ ತಟ್ಟಲು ಕೈ ಎತ್ತಿ, ತಟ್ಟದೆ ಇಳಿಸುತ್ತಿದ್ದಳು. ಅವನು ಅವಳ ಜೊತೆಗೇ ಕೈ ಎತ್ತಿ ಇಳಿಸಿದ. ಬಳೆ ಮೆಲ್ಲಗೆ ಸದ್ದಾಯಿತು. ಗಡ್ಡ ಬಿಟ್ಟಿದ್ದ. ಸೊರಗಿದ್ದ.

ಜಗದೇವಿ ಎರಡೂ ಕೈಗಳಿಂದ ತನ್ನ ಮೊಣಕಾಲುಗಳನ್ನು ಅದುಮಿ ಹಿಡಿದು ಕೂತಳು.

ದೀಪ ಆರಿತು. ಕಿಟ್ಟಣ್ಣ ಬಾಗಿಲು ತೋರಿಸುವ ಮುಂಚೆಯೇ ಅವಳು ಒಳಗಿದ್ದಳು.

"ನೀವಾ...!" ಎಂದ ಅವನು. ಮರುಕ್ಷಣ ಮುಖ ಬಿಗಿಯಾಯಿತು. "ಕೈ ಹೇಗಿದೆ?"

"ಎಣ್ಣಿ," ಎಂದಳು. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತೆಲ್ಲ ಮರೆತು ಅದೊಂದೇ ಬಂತು. "ಎಣ್ಣಿ ಇತ್ತು. ಕೇಬಲ್ ಬಿಗೀನ ಇತ್ತು. ನಿಮಗ ಗೊತ್ತಿತ್ತು."

ಅವನು ಕೈಯ ಬಳೆಗಳನ್ನು ಒಂದೊಂದಾಗಿ ಕಳಚತೊಡಗಿದ.

"ಯಾಕ್ ಹೇಳ್ಲಿಲ್ಲ ನೀವು?"

"ಅಮ್ಮನ ಮುಖ ನೋಡಿದ್ರಲ್ಲ ಅವತ್ತು. ಏನ್ ಪಣ್ಣೋದು? ನನ್ನ ಮೇಲೆ ಹಾಕ್ಕೊಂಡ್ರೆ ಎರಡು ದಿನ ಬೈತೀರಿ, ಮುಗೀತು ಅಂದುಕೊಂಡೆ. ಆಮೇಲೆ ನಿಮಗೊಬ್ಬರಿಗೇ ಮೆಲ್ಲಗೆ ಹೇಳೋಣ ಅಂತಿದ್ದೆ. ಅಷ್ಟರಲ್ಲಿ ನೀವು ಗುಂಪಲ್ಲಿ ಬರೆದ್ರಿ." ಅವನು ಬಳೆಗಳನ್ನು ಪಕ್ಕಕ್ಕಿಟ್ಟ. "ಬೈದಿದ್ದಕ್ಕೆ ಬೇಜಾರಿಲ್ಲ, ಜಗದೇವಿ. ಇಷ್ಟು ದಿನ ಪಕ್ಕದಲ್ಲೇ ಓಡಿದ್ದೀನಿ. 'ಶಿವಶರಣ, ನಿಜವಾಗ್ಲೂ ನೀವಾ ಹೀಗೆ ಮಾಡಿದ್ದು' ಅಂತ ಒಂದ್ ಸಲ... ಒಂದೇ ಒಂದ್ ಸಲ ಕೇಳಬಹುದಿತ್ತಲ್ಲ?"

"ಕೇಳಬೇಕಿತ್ತು," ಎಂದಳು. ಕಣ್ಣೀರು ಒರೆಸಿಕೊಳ್ಳಲಿಲ್ಲ. "ಕೇಳಲಿಲ್ಲ. ತಪ್ಪಾತು. ಎಲ್ಲಾರಿಗೂ ಹಂಗಂತ ಬರದೀನಿ, ನಿಮ್ಮ ಹೆಸರಿಗೆ ಹಚ್ಚಿದ ಮಸಿ ನಾನಾ ತೊಳದೀನಿ. ನೀವು ನೋಡಿಲ್ಲ ಅಂತ ಗೊತ್ತು, ನೀವು ಗುಂಪಿನಾಗ ಇಲ್ಲ. ಆದ್ರ ಬರೀ ಬರದ್ರ ಸಾಲದು ಅಂತ ಬಂದೆ."

"ಅಮ್ಮಂಗೆ ಗೊತ್ತಾಯ್ತಾ?" ಅವನು ಗಾಬರಿಯಾದ.

"ಆತು. ಹೊರಗ ಆಟೋದಾಗ ಕುಂತಾಳ. ನಿಮ್ಮ ಮುಖ ನೋಡಾಕ ನಾಚಿಕಿ ಅಂತ ಒಳಗ ಬರವಲ್ಲಳು."

"ಅಡಡಾ! ಬಿಸಿಲಲ್ಲಿ ಕೂರಿಸಿ ಬಂದಿದ್ದೀರಲ್ಲ, ಇರಿ ನಾನು..."

ಬಾಗಿಲ ಕಡೆ ಹೊರಟವನ ದಾರಿಗೆ ಅವಳು ಅಡ್ಡ ನಿಂತಳು. ಜೀವಮಾನದಲ್ಲಿ ಮೊದಲ ಸಲ, ಅವಳ ಕಾಲು ಕದಲಲಿಲ್ಲ.

"ಅವತ್ತು ಕೇಳಲಿಲ್ಲ. ಇವತ್ತು ಕೇಳ್ತೀನಿ. ಕೇಳದೆ ನಾ ಹೋಗಂಗಿಲ್ಲ."

"ಏನು?"

"ನನ್ನ ಜೋಡಿ ಇರ್ತೀರಾ? ಭಾನುವಾರ ಅಷ್ಟ ಅಲ್ಲ..."

ಅವನು ಅವಳನ್ನೇ ನೋಡಿದ. ನಕ್ಕಾನು ಎಂದುಕೊಂಡಳು. ನಗಲಿಲ್ಲ. ಕಣ್ಣು ತುಂಬಿ ಬಂದಿತ್ತು.

"ನನಗೆ ಕೋಪ ಇನ್ನೂ ಪೂರ್ತಿ ಹೋಗಿಲ್ಲ."

"ಹೋಗೋದು ಬ್ಯಾಡ. ಕೋಪ ಇಟ್ಕೊಂಡಾ ಇರ್ರಿ. ದಿನಾ ಸ್ವಲ್ಪ ಸ್ವಲ್ಪ ಬೈರಿ, ನಾ ಬೈಸಿಕೊಳ್ತೀನಿ. ಆದ್ರ ಇರ್ರಿ."

ಅವನು ಅವಳ ಬಲಗೈಯನ್ನು, ಇನ್ನೂ ಸರಿಯಾಗಿ ಹಿಡಿತ ಬಾರದ ಕೈಯನ್ನು, ಎರಡೂ ಕೈಗಳಲ್ಲಿ ಮೆಲ್ಲಗೆ ತೆಗೆದುಕೊಂಡ.

"ಇರ್ತೀನಿ," ಎಂದ.

"ದಿನಾ?"

"ದಿನಾ."